ಕಾರ ಹುಣ್ಣಿಮೆ

ಕಾರ ಹುಣ್ಣಿಮೆಯು ಜ್ಯೇಷ್ಠ ಮಾಸದ ಹುಣ್ಣಿಮೆಯಂದು ರಾಯಚೂರು, ದೇವದುರ್ಗ, ಮಾನ್ವಿ ಸೇರಿದಂತೆ ಉತ್ತರ ಕರ್ನಾಟಕದ ರೈತರು ಆಚರಿಸುವ ಎತ್ತುಗಳ ಹಬ್ಬ.

ಅಂದು ಎತ್ತುಗಳಿಗೆ ನೊಗ ಹೂಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಪೂಜಿಸಲಾಗುತ್ತದೆ. ಸಂಜೆ ಕರಿ ಹರಿಯುವಾಗ ಮುಂದೆ ಬಂದ ಎತ್ತಿನ ಬಣ್ಣದ ಬೆಳೆ ಆ ವರ್ಷ ಹುಲುಸಾಗುವುದೆಂಬ ನಂಬಿಕೆಯಿದೆ. ರಾಯಚೂರು ನಗರದಲ್ಲಿ ಮುನ್ನೂರು ಕಾಪು ಸಮಾಜವು ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಸ್ಪರ್ಧೆ ನಡೆಸುತ್ತದೆ.

ಎತ್ತು ಗದರಿದರೆ ಬೆದರುತ್ತದೆ, ಮೈದಡವಿದರೆ ಶಾಂತವಾಗುತ್ತದೆ. ಆದ್ದರಿಂದ ಅದನ್ನು ಪಳಗಿಸುವವನು ಮೊದಲು ತನ್ನ ಸಿಟ್ಟನ್ನು ಹಿಡಿತದಲ್ಲಿಡಬೇಕಾಗುತ್ತದೆ. ಬರಗಾಲದಲ್ಲಿ ಮೇವಿಲ್ಲದೆ ಎತ್ತುಗಳನ್ನು ಮಾರುವುದು ರೈತ ಕುಟುಂಬಕ್ಕೆ ಮನೆಯವರನ್ನು ಅಗಲಿದಷ್ಟೇ ದುಃಖದ ಸಂಗತಿ. ಟ್ರ್ಯಾಕ್ಟರ್ ಬಳಕೆಯಿಂದ ಎತ್ತುಗಳು ಕಡಿಮೆಯಾಗಿದ್ದರೂ, ಹದಿನೈದು ದಿನಗಳ ನಂತರದ ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತಿಲ್ಲದ ಮನೆಗಳಲ್ಲಿಯೂ ಮಣ್ಣಿನ ಜೋಡೆತ್ತುಗಳಿಗೆ ಪೂಜೆ ಸಲ್ಲುತ್ತದೆ.