ಕಾಲವಲಯ ದತ್ತಾಂಶ: ದಾವಣಗೆರೆ ಮತ್ತು ಹರಿಹರ

ದಾವಣಗೆರೆ, ಹರಿಹರಗಳು ಇಂದು ದೇಶದ ಉಳಿದೆಲ್ಲ ಊರುಗಳಂತೆ ಭಾರತೀಯ ಕಾಲಮಾನವನ್ನೇ ಅನುಸರಿಸುತ್ತವೆ. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಈ ಕಾಲಮಾನಕ್ಕೆ 82.5 ಡಿಗ್ರಿ ಪೂರ್ವ ರೇಖಾಂಶವೇ ಆಧಾರ. ದಾವಣಗೆರೆ ಇರುವುದು ಸುಮಾರು 75.9 ಡಿಗ್ರಿಯಲ್ಲಿ. ಹಾಗಾಗಿ ಅಲ್ಲಿನ ಸ್ಥಳೀಯ ಸೌರ ವೇಳೆ ಗಡಿಯಾರಕ್ಕಿಂತ ಸರಾಸರಿ 26 ನಿಮಿಷ, ಎಂದರೆ ಒಂದು ಘಟಿಗೂ ತುಸು ಹೆಚ್ಚು, ಹಿಂದಿರುತ್ತದೆ. ಹರಿಹರ ಅದಕ್ಕಿಂತಲೂ ಅರ್ಧ ನಿಮಿಷದಷ್ಟು ಹಿಂದೆ.

ಏಕರೂಪದ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೂ ಮುಂಚೆ ದೇಶದ ರೈಲುಗಳಿಗೆ ಮದ್ರಾಸ್ ವೇಳೆಯೇ ಪ್ರಮಾಣವಾಗಿತ್ತು. ಅದು ದಾವಣಗೆರೆಯ ಸೌರ ವೇಳೆಗಿಂತ ಸುಮಾರು 17 ನಿಮಿಷ ಮುಂದೆ. ಹೊಸ ಕಾಲಮಾನವನ್ನು ಎಲ್ಲರೂ ಒಮ್ಮೆಗೇ ಒಪ್ಪಲಿಲ್ಲ. ಕಲ್ಕತ್ತ 1948ರವರೆಗೆ, ಮುಂಬಯಿ ನಗರ 1955ರವರೆಗೆ ತಮ್ಮ ತಮ್ಮ ವೇಳೆಯನ್ನು ಉಳಿಸಿಕೊಂಡಿದ್ದವು.

ಇಷ್ಟೊಂದು ಭಿನ್ನವಾದ ಚರಿತ್ರೆಯನ್ನು ಕಂಪ್ಯೂಟರುಗಳ ಕಾಲವಲಯ ದತ್ತಾಂಶ ಕೋಶ 'ಏಷ್ಯಾ/ಕೋಲ್ಕತ್ತಾ' ಎಂಬ ಒಂದೇ ನಮೂದಿನಲ್ಲಿ ಅಡಕಗೊಳಿಸಿದೆ. 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ ಈ ಕೋಶವನ್ನು ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ. 1970ರಿಂದ ಈಚೆಗೆ ಒಂದೇ ವೇಳೆ ಅನುಸರಿಸಿದ ಪ್ರದೇಶಗಳಿಗೆ ಒಂದು ಹೆಸರು ಸಾಕೆಂಬುದು ಅದರ ನಿಯಮ. ಅದಕ್ಕೂ ಹಿಂದಿನ ವಿವರಗಳನ್ನು ಪೂರ್ತಿ ನಂಬಬಾರದೆಂದು ಕೋಶವೇ ಎಚ್ಚರಿಸುತ್ತದೆ. ಅದನ್ನು ಬಳಸುವ ತಂತ್ರಾಂಶಗಳು ಮಾತ್ರ ಈ ಎಚ್ಚರಿಕೆಯನ್ನು ಬಳಕೆದಾರರಿಗೆ ತಲುಪಿಸುವುದು ಅಪರೂಪ. ಹಳೆಯ ದಿನಾಂಕಗಳ ಲೆಕ್ಕದಲ್ಲಿ ನುಸುಳುವ ದೋಷದ ಮೂಲ ಇಲ್ಲಿದೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತೀಯ ಕಾಲಮಾನವನ್ನೇ ಒಂದು ಗಂಟೆ ಮುಂದಕ್ಕೆ ಸರಿಸಲಾಗಿತ್ತು. ಆದರೆ ಕೋಶದಲ್ಲಿ 1941ರ ಅಕ್ಟೋಬರಿನಿಂದ 1942ರ ಮೇ ತಿಂಗಳವರೆಗೂ ಇಂಥದೇ ಇನ್ನೊಂದು ಬದಲಾವಣೆ ದಾಖಲಾಗಿದೆ. ಅದು ಬಂಗಾಳದ ಕಡೆಯ ವ್ಯವಸ್ಥೆ. ಆಗ ಮೈಸೂರು ಸಂಸ್ಥಾನದಲ್ಲಿದ್ದ ದಾವಣಗೆರೆಗೆ ಅದನ್ನು ಅನ್ವಯಿಸುವುದು ಸರಿಯಲ್ಲ.

ಇದರ ಪರಿಣಾಮ ತಟ್ಟುವುದು ಹಳೆಯ ಜಾತಕಗಳನ್ನು ಮತ್ತೆ ಗಣಿಸುವವರಿಗೆ. ಲಗ್ನ ಸರಾಸರಿ ಎರಡು ಗಂಟೆಗೊಮ್ಮೆ ರಾಶಿ ಬದಲಿಸುತ್ತದೆ. ಆದ್ದರಿಂದ 1942ರ ಜನವರಿಯಲ್ಲಿ ದಾವಣಗೆರೆಯಲ್ಲಿ ಹುಟ್ಟಿದವರ ಸಮಯದಿಂದ ತಂತ್ರಾಂಶ ಒಂದು ಗಂಟೆ ಕಳೆದರೆ, ಹೆಚ್ಚುಕಡಿಮೆ ಅರ್ಧದಷ್ಟು ಜಾತಕಗಳಲ್ಲಿ ಲಗ್ನವೇ ಬೇರೆಯಾಗುತ್ತದೆ. ಸೂರ್ಯೋದಯದಿಂದ ಎಣಿಸಿದ ಘಟಿ-ವಿಘಟಿಗಳಲ್ಲಿ ಬರೆದಿಟ್ಟ ಜನನಕಾಲಕ್ಕೆ ಈ ತೊಡಕಿಲ್ಲ. ಊರು ಮತ್ತು ದಿನ ಗೊತ್ತಿದ್ದರೆ ಗಡಿಯಾರದ ಹಂಗಿಲ್ಲದೆ ಅದನ್ನು ಗಣಿಸಬಹುದು.