ಬೆನನ್ ಸ್ಮಿತ್ ಹೆಸರು ಗೊತ್ತು, ಬೆಂಚಿನ ಮೇಲೆ ಕೂತವರು ಯಾರು? ಬೆಳಗಾವಿಯ ಮೊದಲ ಸಭೆಯ ಕುಟುಂಬಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಅಡ್ಡಾಡ್ತಿದ್ದೀರೋ, ಒಂದು ಹದಿನೈದು ನಿಮಿಷ ನನ್ನ ಜೊತೆ ಬನ್ನಿ. ಇವತ್ತು ಬೆಳಗಾವಿಗೆ ಹೋಗೋಣ.

ಬೆಳಗಾವಿಯವರಿಗೆ ಬೆನನ್ ಸ್ಮಿತ್ ಹೈಸ್ಕೂಲ್ ಗೊತ್ತು. 1832ರಿಂದ ಇರೋ ಶಾಲೆ ಅದು. ಆ ಬೋರ್ಡಿನ ಮುಂದೆ ದಿನಾ ಸಾವಿರಾರು ಜನ ಓಡಾಡ್ತಾರೆ. ಬೆನನ್ ಒಬ್ಬರು, ಸ್ಮಿತ್ ಇನ್ನೊಬ್ಬರು. ಇಬ್ಬರೂ ಲಂಡನ್ ಮಿಷನರಿ ಸೊಸೈಟಿಯವರು. ಸರಿ, ಅವರ ಹೆಸರು ಬೋರ್ಡಿನ ಮೇಲೆ ಬಂತು. ಆದರೆ ಅವರು ಕಟ್ಟಿದ ಸಭೆಯಲ್ಲಿ ಮೊದಲ ಸಾಲಿನ ಬೆಂಚಿನ ಮೇಲೆ ಕೂತವರು ಯಾರು? ಇವತ್ತಿನ ಪ್ರಶ್ನೆ ಇದೇ. ಒಂದು ಚರ್ಚಿನ ‘ಸ್ಥಾಪಕ ಕುಟುಂಬ’ ಅಂದ್ರೆ ಯಾರು?

ಮೊದಲು ಒಂದು ಪದ ಬಿಡಿಸ್ಕೊಳ್ಳೋಣ. ‘ಎಪಿಸ್ಕೋಪಲ್ ಚರ್ಚ್’ ಅಂತ ಹಳೆಯ ಕಾಗದಗಳಲ್ಲಿ ಬರುತ್ತೆ. ಎಪಿಸ್ಕೋಪೋಸ್ ಅಂದ್ರೆ ಗ್ರೀಕ್ ಭಾಷೆಯಲ್ಲಿ ಮೇಲ್ವಿಚಾರಕ. ಬಿಷಪ್ ಅನ್ನೋ ಪದ ಹುಟ್ಟಿದ್ದು ಇದರಿಂದಲೇ. ಬಿಷಪ್ಪರ ಆಡಳಿತ ಇರೋ ಸಭೆ ಎಪಿಸ್ಕೋಪಲ್ ಸಭೆ, ಅಷ್ಟೇ. ಪದ ಸಣ್ಣದು. ಆದರೆ ಬೆಳಗಾವಿಯ ಕೆಲವು ನೂರು ಕುಟುಂಬಗಳ ಜೀವನದೊಳಗೆ ಈ ಪದ ಹೇಗೆ ಬಂತು, ಹೇಗೆ ಹೋಯ್ತು ಅನ್ನೋದರಲ್ಲೇ ನಮ್ಮ ಕಥೆ ಇದೆ.

ಈ ಭಾಗದಲ್ಲಿ ‘ಚರ್ಚ್’ ಅಂದಾಗ ಎಲ್ಲರಿಗೂ ಒಂದೇ ಚಿತ್ರ ಬರಲ್ಲ. ಖಾನಾಪುರದ ಕಡೆಯವರಿಗೆ ನೆನಪಾಗೋದು ಗೋವಾ ಕಡೆಯಿಂದ ಬಂದ ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಮನೆಗಳು. ಅದೇ ತಾಲ್ಲೂಕಿನ ಲೋಂಡಾದಲ್ಲಿ ನೆನಪಾಗೋದು ರೈಲ್ವೆ ಕಾಲೊನಿಯ ಆಂಗ್ಲೋ-ಇಂಡಿಯನ್ನರು. ಬೆಳಗಾವಿ ಕ್ಯಾಂಪಿನವರಿಗೆ ಸೇಂಟ್ ಮೇರೀಸ್: 1869ರ ಕಲ್ಲಿನ ಕಟ್ಟಡ, ಗೋಥಿಕ್ ಶೈಲಿ, ಇಂಗ್ಲಿಷ್ ಸಿಪಾಯಿಗಳಿಗಾಗಿ ಕಟ್ಟಿದ ಆಂಗ್ಲಿಕನ್ ಚರ್ಚ್. ಅದೂ ಬಿಷಪ್ಪರದ್ದೇ. ಇವುಗಳ ಪಕ್ಕದಲ್ಲಿ, ಕಟ್ಟಡಕ್ಕಿಂತ ಜನರಿಂದ ಗುರುತಾಗೋ ಇನ್ನೊಂದು ಸಭೆ ಇದೆ. ಮಿಷನ್ ಸಭೆ. ಇವತ್ತಿನ ಹೆಸರಲ್ಲಿ ಮೆಥಡಿಸ್ಟ್ ಸಭೆ. ನಾನು ಹೇಳಹೊರಟಿರೋದು ಆ ಸಭೆಯ ಕಥೆ.

1818ರಲ್ಲಿ ಪೇಶ್ವೆಯವರ ಕೈಯಿಂದ ಬೆಳಗಾವಿ ಕೋಟೆ ಕಂಪನಿ ಸರ್ಕಾರಕ್ಕೆ ಹೋಯ್ತು. ಕೋಟೆಯ ಆಚೆ ದಂಡು ಬಂದು ಇಳೀತು. ಎರಡೇ ವರ್ಷಕ್ಕೆ, 1820ರಲ್ಲಿ, ಬಳ್ಳಾರಿಯಿಂದ ಜೋಸೆಫ್ ಟೇಲರ್ ಅನ್ನೋ ಮಿಷನರಿ ಇಲ್ಲಿಗೆ ಬಂದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ 1810ರಿಂದಲೇ ಇತ್ತು. ಅಲ್ಲಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನ ಕನ್ನಡಕ್ಕೆ ತರೋ ಕೆಲಸದಲ್ಲಿ ಮುಳುಗಿದ್ದರು. ಟೇಲರ್ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರಲ್ಲ, ಭಾರತದಲ್ಲೇ ಮಿಷನ್ ಕೆಲಸಕ್ಕೆ ಸೇರಿಕೊಂಡವರು.

ಅದೇ 1820ರಲ್ಲಿ ಬಳ್ಳಾರಿಯಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ, ಜೋಸೆಫ್ ವಾನ್ ಸೋಮೆರೆನ್ ಟೇಲರ್. ಆ ಮಗು ಮುಂದೆ ಗುಜರಾತಿಗೆ ಹೋಗಿ ಗುಜರಾತಿ ಭಾಷೆಗೆ ವ್ಯಾಕರಣ ಬರೆದ. ಇವತ್ತಿಗೂ ಗುಜರಾತಿ ವ್ಯಾಕರಣದ ಮಾತು ಬಂದಾಗ ಆತನ ಹೆಸರು ಹೇಳ್ತಾರೆ. ನೋಡಿ, ಬೆಳಗಾವಿಯ ಮೊದಲ ಮಿಷನರಿ ಕುಟುಂಬದ ಬಗ್ಗೆ ನಾವು ಇಷ್ಟು ಹೇಳಬಹುದು. ಮಗ ಹುಟ್ಟಿದ ಊರು, ವರ್ಷ, ಬರೆದ ಪುಸ್ತಕ, ಎಲ್ಲ ಸಿಗುತ್ತೆ. ಮಿಷನರಿ ಕುಟುಂಬಗಳ ಕಾಗದ ಚೆನ್ನಾಗಿ ಉಳಿದಿದೆ.

ಟೇಲರ್ ಮಾತು ಕೇಳೋಕೆ ಬಂದವರು ಯಾರು? ‘ಊರಿನವರು’ ಅಂತ ಸುಲಭವಾಗಿ ಹೇಳಿಬಿಡ್ತೀವಿ. ಆದರೆ ದಂಡು ಅಂದ್ರೆ ಬರೀ ಸಿಪಾಯಿಗಳಲ್ಲ. ಮದ್ರಾಸ್ ರೆಜಿಮೆಂಟುಗಳ ಹಿಂದೆ ಅಡುಗೆಯವರು, ಕುದುರೆ ನೋಡೋರು, ಬಟ್ಟೆ ಒಗೆಯೋರು, ಅವರ ಹೆಂಡತಿ ಮಕ್ಕಳು, ಒಂದು ಇಡೀ ಊರೇ ನಡ್ಕೊಂಡು ಬರ್ತಿತ್ತು. ಅವರಲ್ಲಿ ತುಂಬ ಜನ ತಮಿಳರು. ಹಾಗಾಗಿ ಬೆಳಗಾವಿಯ ಮಿಷನ್ ಸಭೆ ಶುರುವಿನಿಂದಲೇ ಒಂದು ಭಾಷೆಯ ಸಭೆ ಆಗಿರಲಿಲ್ಲ. ದಂಡಿನಲ್ಲಿ ತಮಿಳು, ಪೇಟೆಯಲ್ಲಿ ಮರಾಠಿ, ಹಳ್ಳಿಯಲ್ಲಿ ಕನ್ನಡ, ಅಧಿಕಾರಿಗಳ ಮಧ್ಯೆ ಇಂಗ್ಲಿಷ್. ಇವತ್ತು ಬೆಳಗಾವಿ ಅಂದ ಕೂಡಲೇ ನಾವು ಭಾಷೆಯ ಜಗಳ ನೆನಪಿಸ್ಕೋತೀವಿ. ಎರಡು ಶತಮಾನದ ಹಿಂದೆ ಒಂದು ಸಣ್ಣ ಸಭೆ ಈ ಎಲ್ಲ ಭಾಷೆಗಳನ್ನ ಇಟ್ಕೊಂಡೇ ಬೆಳೀಬೇಕಾಗಿತ್ತು.

ಈಗ ಆ ಕಾಲದ ಹವಾ ಹೇಗಿತ್ತು ನೋಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮನನ್ನ ಸೆರೆ ಹಿಡಿದು ಬೈಲಹೊಂಗಲದಲ್ಲಿ ಇಟ್ಟರು. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನ ಗಲ್ಲಿಗೇರಿಸಿದರು. ಮರುವರ್ಷವೇ, 1832ರಲ್ಲಿ, ನಾವು ಮೊದಲು ಹೇಳಿದ ಆ ಶಾಲೆ ಬೆಳಗಾವಿಯಲ್ಲಿ ಶುರುವಾಯ್ತು. ನಂದಗಡದ ಗಲ್ಲು, ಬೆಳಗಾವಿಯ ಇಂಗ್ಲಿಷ್ ಶಾಲೆ, ಎರಡರ ಮಧ್ಯೆ ಒಂದೇ ವರ್ಷ, ಸುಮಾರು ಮೂವತ್ತೈದು ಕಿಲೋಮೀಟರ್.

ಇಂಥ ಹೊತ್ತಿನಲ್ಲಿ ಒಬ್ಬ ನಾಡಿನ ಮನುಷ್ಯ ದೀಕ್ಷಾಸ್ನಾನ ತಗೊಂಡ ಅಂದ್ರೆ ಅಕ್ಕಪಕ್ಕದವರು ಏನಂದಿರಬಹುದು? ‘ಕಂಪನಿಯವರ ಧರ್ಮಕ್ಕೆ ಹೋದ’ ಅಂತ ಅಂದಿದ್ದರೆ ಆಶ್ಚರ್ಯ ಇಲ್ಲ. ಅವನಿಗೆ ಕಂಪನಿಯಿಂದ ಏನಾದರೂ ಲಾಭ ಇತ್ತಾ? ಕಾನೂನು ನೋಡಿದರೆ ಉಲ್ಟಾ ಚಿತ್ರ ಕಾಣುತ್ತೆ. ಧರ್ಮ ಬದಲಿಸಿದ ಮಾತ್ರಕ್ಕೆ, ಜಾತಿಯಿಂದ ಹೊರಗೆ ಹಾಕಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗಬಾರದು ಅಂತ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಕಾನೂನು ಬಂದಿದ್ದು 1850ರಲ್ಲಿ, ಆ ವರ್ಷದ 21ನೇ ಕಾಯ್ದೆ. ಅಂದ್ರೆ 1820ರಿಂದ 1850ರವರೆಗೆ, ಮೂವತ್ತು ವರ್ಷ, ಬೆಳಗಾವಿಯ ಮೊದಲ ಸದಸ್ಯರು ಆ ರಕ್ಷಣೆ ಇಲ್ಲದೇ ಹೆಜ್ಜೆ ಇಟ್ಟವರು. ಹೊಲ ಇದ್ದವನಿಗೆ ಹೊಲದ ಚಿಂತೆ. ಹೊಲವೇ ಇಲ್ಲದವನಿಗೆ ಬೇರೆ ಚಿಂತೆ: ಬಾವಿ ನೀರು, ಮಗಳ ಮದುವೆ, ಸತ್ತರೆ ಹೆಗಲು ಕೊಡೋರು ಯಾರು. ಅದಕ್ಕೆಲ್ಲ ಯಾವ ಕಾಯ್ದೆಯೂ ಇರಲಿಲ್ಲ.

ಹಾಗಾದರೆ ಈ ಜನರ ಹೆಸರು ಎಲ್ಲಿ? ಆ ಕಾಲದ ಮಿಷನ್ ವರದಿಗಳನ್ನ ಓದಿದವರಿಗೆ ಒಂದು ರೂಢಿ ಗೊತ್ತಿರುತ್ತೆ. ಮಿಷನರಿಗೆ ಪೂರ್ತಿ ಹೆಸರು, ಊರಿನವರಿಗೆ ಬಹಳ ಸಲ ಬರೀ ಗುರುತು: ‘ಒಬ್ಬ ನೇಟಿವ್ ಉಪದೇಶಕ’, ‘ಒಬ್ಬ ಬಡ ವಿಧವೆ’, ‘ಶಾಲೆಯ ಒಬ್ಬ ಹುಡುಗ’. ಸಂತೆಯಲ್ಲಿ ನಿಂತು ಮೊದಲು ಮಾತಾಡಿದವನು ಉಪದೇಶಕ. ಜನರ ಮಾತಿನ ಧಾಟಿ ಗೊತ್ತಿದ್ದವನೂ ಅವನೇ. ಸಾಹೇಬರ ಕನ್ನಡ ತಿದ್ದಿದವನೂ ಅಂಥವನೇ ಇದ್ದಾನು. ಆದರೆ ವರದಿಯಲ್ಲಿ ಅವನು ‘ಒಬ್ಬ’.

ಸೇಂಟ್ ಮೇರೀಸ್ ಜೊತೆ ಹೋಲಿಸಿ ನೋಡಿ. ಸರ್ಕಾರದ ಚಾಪ್ಲಿನ್‌ಗಳು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆ, ಇವುಗಳ ಪ್ರತಿ ಲಂಡನ್ನಿಗೆ ಹೋಗ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಳಗಾವಿಯಲ್ಲಿ ಎರಡು ವರ್ಷ ಇದ್ದು ಹೋದ ಸಾರ್ಜೆಂಟ್ ಒಬ್ಬನ ಮರಿಮೊಮ್ಮಗಳು ಇಂಗ್ಲೆಂಡಿನಲ್ಲಿ ಕೂತು ಅವನ ಮದುವೆಯ ತಾರೀಕು ಹುಡುಕಬಹುದು. ಆದರೆ ಎರಡು ವರ್ಷ ಅಲ್ಲ, ಎರಡು ಶತಮಾನ ಇಲ್ಲೇ ಉಳಿದ ಕುಟುಂಬದ ಹುಡುಗಿ ತನ್ನ ಅಜ್ಜನ ಅಜ್ಜನ ಹೆಸರು ಹುಡುಕಬೇಕು ಅಂದ್ರೆ? ಅವಳಿಗೆ ಇರೋದು ಸಭೆಯ ರಿಜಿಸ್ಟರ್, ಮನೆಯ ಬೈಬಲ್ಲಿನ ಮೊದಲ ಪುಟ, ಮತ್ತೆ ಅಜ್ಜಿಯ ನೆನಪು. ಬಂದು ಹೋದವರ ದಾಖಲೆ ಗಟ್ಟಿ, ಉಳಿದವರದ್ದು ತೆಳು.

ಈಗ 1904ಕ್ಕೆ ಬರೋಣ. ಲಂಡನ್ ಮಿಷನ್ ಸಂಪ್ರದಾಯದಲ್ಲಿ ಬಿಷಪ್ ಇಲ್ಲ. ಸಭೆಯ ಸದಸ್ಯರೇ ಕೂಡಿ ತೀರ್ಮಾನ ಮಾಡಬೇಕು, ಸಭಾಪಾಲಕರನ್ನೂ ಅವರೇ ಆರಿಸಬೇಕು. ತತ್ವ ಹಾಗಿತ್ತು. ದುಡ್ಡು ಮಿಷನ್‌ದಾಗಿರೋ ತನಕ ಮಿಷನರಿ ಮಾತೇ ನಡೀತಿತ್ತು, ಅದು ಬೇರೆ ವಿಷಯ. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕೆಲಸವನ್ನ ಅಮೆರಿಕದ ಮಿಷನ್ನಿಗೆ ಬಿಟ್ಟುಕೊಟ್ಟಿತು. ಆ ಮಿಷನ್ನಿನ ಹೆಸರು ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್. ನಮ್ಮ ಪದ ಬಂತು ನೋಡಿ!

ಶನಿವಾರ ರಾತ್ರಿ ಮಲಗಿದ್ದು ಬಿಷಪ್ ಇಲ್ಲದ ಸಭೆಯಲ್ಲಿ, ಎದ್ದಿದ್ದು ಬಿಷಪ್ ಇರೋ ಸಭೆಯಲ್ಲಿ ಅಂತ ತಮಾಷೆಗೆ ಹೇಳಬಹುದು. ಆದರೆ ಬದಲಾವಣೆ ಸಣ್ಣದಲ್ಲ. ಇನ್ನು ಮುಂದೆ ಪಾಸ್ಟರ್ ಯಾರು ಅಂತ ತೀರ್ಮಾನ ಮಾಡೋದು ಸಭೆ ಅಲ್ಲ, ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ ನೇಮಕ ಓದ್ತಾರೆ, ಪಾಸ್ಟರ್ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೊರಡ್ತಾರೆ. ಜಿಲ್ಲಾ ಮೇಲ್ವಿಚಾರಕರು ಬಂದರು. ಪ್ರಾರ್ಥನಾ ಪದ್ಧತಿ, ಸದಸ್ಯತ್ವದ ನಿಯಮ ಹೊಸದಾದವು. ಮೂರು ತಲೆಮಾರು ಒಂದು ರೀತಿ ಬದುಕಿದ ಕುಟುಂಬಗಳ ಗುರುತಿನ ಚೀಟಿ ಬದಲಾಯ್ತು. ತೀರ್ಮಾನ ಆಗಿದ್ದು ಎರಡು ಮಿಷನ್‌ಗಳ ನಡುವೆ.

ಬಳ್ಳಾರಿಯಲ್ಲಿ ಬೇರೆ ದಾರಿ. ಅಲ್ಲಿನ ಲಂಡನ್ ಮಿಷನ್ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಗೆ, 1947ರಲ್ಲಿ ಸಿಎಸ್ಐಗೆ ಸೇರಿದವು. ಟೇಲರ್ ಹೊರಟು ಬಂದ ತಾಯಿ ಸಭೆ ಸಿಎಸ್ಐ ಆಯ್ತು, ಅವರು ಬಂದು ಸೇರಿದ ಊರಿನ ಸಭೆ ಮೆಥಡಿಸ್ಟ್ ಆಯ್ತು. ಒಂದೇ ಬೇರಿನ ಎರಡು ಕೊಂಬೆ. ಇನ್ನು ‘ಎಪಿಸ್ಕೋಪಲ್’ ಪದ? 1939ರಲ್ಲಿ ಅಮೆರಿಕದ ಮೆಥಡಿಸ್ಟ್ ಸಭೆಗಳು ಒಂದಾದಾಗ ಆ ಪದ ಹೆಸರಿನಿಂದ ಬಿದ್ದುಹೋಯ್ತು. ಬಿಷಪ್ ಉಳಿದರು, ಪದ ಹೋಯ್ತು. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರವಾಯ್ತು. ಬೆಳಗಾವಿಯ ಒಂದು ಹಳೆಯ ಕುಟುಂಬ ತನ್ನ ಜಾಗ ಬಿಟ್ಟು ಕದಲದೇ ಇಷ್ಟು ಹೆಸರುಗಳನ್ನ ದಾಟಿ ಬಂದಿದೆ. ಬೋರ್ಡು ಬದಲಾಯ್ತು, ಬೆಂಚು ಅದೇ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: ‘ಹಾಗಾದ್ರೆ ಆ ಕುಟುಂಬಗಳ ಹೆಸರು ನೀವೇ ಹೇಳಿಬಿಡಿ ಅಲ್ವಾ?’ ಬೇಕಂತಲೇ ಹೇಳ್ತಿಲ್ಲ. ಕಾರಣ ಇದೆ. ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂಗಳಿಗೆ, ಮುಂದೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು, ಕ್ರೈಸ್ತರಿಗೆ ಇಲ್ಲ. ಹಾಗಾಗಿ ರಿಜಿಸ್ಟರಿನ ಒಂದು ಸಾಲು ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ಆತಂಕ ಆಗಬಹುದು. ಹೆಸರು ಹುಡುಕೋದು ಮನೆಯವರ ಹಕ್ಕು. ಅದನ್ನ ಊರಿಗೆ ಸಾರೋದು ನನ್ನ ಕೆಲಸ ಅಲ್ಲ.

ಆದರೆ ನಿಮ್ಮ ಮನೆ ಅಂಥ ಮನೆಯಾಗಿದ್ದರೆ, ಇದು ನಿಮ್ಮ ಕೆಲಸ. ಮದುವೆ ರಿಜಿಸ್ಟರಿನಿಂದ ಶುರು ಮಾಡಿ. 1872ರ ಕ್ರೈಸ್ತ ವಿವಾಹ ಕಾಯ್ದೆ ಬಂದ ಮೇಲೆ ಮದುವೆಯ ಲೆಕ್ಕ ಬಿಗಿಯಾಯ್ತು. ವಧೂವರರ ಹೆಸರಿನ ಜೊತೆ ತಂದೆಯ ಹೆಸರು, ವಯಸ್ಸು, ಉದ್ಯೋಗ ಸಿಗುತ್ತೆ. ಹೆಸರುಗಳನ್ನ ಗಮನಿಸಿ. ತಂದೆಯ ಹೆಸರು ಊರ ದೇವರದ್ದು, ಮಗನದ್ದು ದೇವದಾಸ, ಮೊಮ್ಮಗಳದ್ದು ಸತ್ಯವತಿ, ಹೀಗೆ ಇದ್ದರೆ ಎಲ್ಲಿ ತಿರುವು ಬಂತು ಅಂತ ಹೆಸರೇ ಹೇಳುತ್ತೆ. ಪಾಸ್ಟರ್ ಅನುಮತಿ ಕೇಳಿ ಆ ಪುಟದ ಫೋಟೊ ತೆಗೆದಿಟ್ಕೊಳ್ಳಿ, ಮಳೆಗಾಲ ಮತ್ತೆ ಗೆದ್ದಲು ನಿಮಗಿಂತ ಮೊದಲು ಅಲ್ಲಿಗೆ ಹೋಗೋ ಮುಂಚೆ. ಆಮೇಲೆ ಅಜ್ಜಿ ಹತ್ರ ಕೂತು ಫೋನಿನ ರೆಕಾರ್ಡರ್ ಆನ್ ಮಾಡಿ, ‘ನಿಮ್ಮ ಅಜ್ಜಿ ಯಾವ ಊರಿನವರು, ಮನೇಲಿ ಯಾವ ಭಾಷೆ ಮಾತಾಡ್ತಿದ್ರು?’ ಅಂತ ಕೇಳಿ. ತಮಿಳು ಅಂದ್ರೆ ಮದ್ರಾಸ್ ದಂಡಿನ ದಾರಿ ಇರಬಹುದು. ಕನ್ನಡ, ಮರಾಠಿ ಅಂದ್ರೆ ಹಳ್ಳಿಯೋ ಪೇಟೆಯೋ ಅಂತ ಇನ್ನೊಂದು ಪ್ರಶ್ನೆ ಕೇಳಿ.

ಒಂದು ಸಭೆಯನ್ನ ಸ್ಥಾಪಿಸಿದವರು ಅಂದ್ರೆ ಅಡಿಗಲ್ಲು ಇಟ್ಟವರಷ್ಟೇ ಅಲ್ಲ. ಕಾನೂನು ಕೈ ಹಿಡಿಯದ ಮೂವತ್ತು ವರ್ಷ, ಊರು ಮುಖ ತಿರುಗಿಸಿದ ಹೊತ್ತಲ್ಲೂ, ಮುಂದಿನ ಭಾನುವಾರ ಮತ್ತೆ ಬಂದು ಅದೇ ಬೆಂಚಿನ ಮೇಲೆ ಕೂತವರೂ ಸ್ಥಾಪಕರೇ.

ನಿಮ್ಮ ಮನೆಯಲ್ಲಿ ಅಂಥ ಹೆಸರು ಸಿಕ್ಕರೆ ಮೊದಲು ಮನೆಯವರಿಗೆ ಹೇಳಿ.