ಪ್ಯಾನ್‌ರೆಟಿನಲ್ ಲೇಸರ್ ಚಿಕಿತ್ಸೆ: ಇತಿಹಾಸ

ಮಧುಮೇಹದಿಂದ ಬರುವ ಕಣ್ಣಿನ ರೋಗ (ಡಯಾಬಿಟಿಕ್ ರೆಟಿನೋಪಥಿ) ಉಲ್ಬಣಿಸಿದಾಗ ರೆಟಿನಾದ ಹೊರವಲಯದ ತುಂಬ ಲೇಸರ್ ಚುಕ್ಕೆಗಳನ್ನಿಟ್ಟು ದೃಷ್ಟಿ ಉಳಿಸುವ ಕ್ರಮ. ಕಣ್ಣಾಸ್ಪತ್ರೆಗಳಲ್ಲಿ ಇದಕ್ಕೆ ಪಿಆರ್‌ಪಿ ಎನ್ನುತ್ತಾರೆ. ಇದರ ಚರಿತ್ರೆಯಲ್ಲಿ ಎರಡು ಗೊಂದಲಗಳು ಬರಹದಿಂದ ಬರಹಕ್ಕೆ ಸಾಗಿಬಂದಿವೆ. ಲೇಸರ್ ಸೋರುವ ರಕ್ತನಾಳಗಳನ್ನು ಸುಟ್ಟು ಮುಚ್ಚುತ್ತದೆ ಎಂಬ ವಿವರಣೆ ಒಂದು. ಲಾಯ್ಡ್ ಐಯೆಲ್ಲೊ ಎಂಬ ಒಂದೇ ಹೆಸರಿನಡಿ ತಂದೆ-ಮಗನ ಕೆಲಸ ಬೆರೆತುಹೋಗಿರುವುದು ಇನ್ನೊಂದು.

ಮಧುಮೇಹಿಯ ರೆಟಿನಾದಲ್ಲಿ ಆಗುವ ಬದಲಾವಣೆಗಳನ್ನು 19ನೇ ಶತಮಾನದ ಮಧ್ಯದಲ್ಲೇ ವಿಯೆನ್ನಾದ ಎಡ್ವರ್ಡ್ ಯೇಗರ್ ಗುರುತಿಸಿದ್ದರು. ಚಿಕಿತ್ಸೆ ಮಾತ್ರ ನೂರು ವರ್ಷ ಕಳೆದರೂ ಸಿಗಲಿಲ್ಲ. 1953ರಲ್ಲಿ ಡೆನ್ಮಾರ್ಕಿನ ಯಾಕೋಬ್ ಪೌಲ್ಸೆನ್ ಒಬ್ಬ ಮಧುಮೇಹಿ ಮಹಿಳೆಯ ವಿಷಯ ಪ್ರಕಟಿಸಿದರು. ಹೆರಿಗೆಯ ನಂತರ ಆಕೆಯ ಪಿಟ್ಯುಟರಿ ಗ್ರಂಥಿ ಸತ್ತುಹೋಗಿತ್ತು, ಆಮೇಲೆ ಕಣ್ಣಿನ ರೋಗ ತಾನಾಗಿಯೇ ಇಳಿದಿತ್ತು. ಇದರ ಬೆನ್ನಿಗೆ, ದೃಷ್ಟಿ ಉಳಿಸಲೆಂದು ರೋಗಿಗಳ ಪಿಟ್ಯುಟರಿ ಗ್ರಂಥಿಯನ್ನೇ ತೆಗೆಯುವ ಇಲ್ಲವೇ ನಾಶಪಡಿಸುವ ಶಸ್ತ್ರಕ್ರಿಯೆ ಬಳಕೆಗೆ ಬಂತು. ಬದುಕುಳಿದವರು ಜೀವನಪರ್ಯಂತ ಹಾರ್ಮೋನು ಔಷಧ ತೆಗೆದುಕೊಳ್ಳಬೇಕಿತ್ತು. ಇನ್ಸುಲಿನ್ ತುಸು ಹೆಚ್ಚಾದರೂ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತಿತ್ತು. ಚರಿತ್ರೆಕಾರರು ಈ ಅಧ್ಯಾಯವನ್ನು ಅವಸರದಲ್ಲಿ ದಾಟುತ್ತಾರೆ. ಅದು ಸರಿಯಲ್ಲ. ಕುರುಡಾಗುವ ಭಯ ಜನರನ್ನು ಎಲ್ಲಿಯವರೆಗೆ ಒಯ್ದಿತ್ತು ಎಂಬುದು ಇಲ್ಲಿಯೇ ಕಾಣುವುದು.

ಬೆಳಕಿನಿಂದ ರೆಟಿನಾ ಸುಡುವ ವಿದ್ಯೆ ಜರ್ಮನಿಯ ಗೆರ್ಡ್ ಮೇಯರ್-ಶ್ವಿಕೆರಾತ್ ಅವರದು. ಗ್ರಹಣ ನೋಡಿ ಸುಟ್ಟ ಕಣ್ಣುಗಳಿಂದ ಈ ಯೋಚನೆ ಹುಟ್ಟಿತು. 1950ರ ದಶಕದಲ್ಲಿ ಝೈಸ್ ಕಂಪನಿಯ ಕ್ಸೆನಾನ್ ದೀಪದ ಯಂತ್ರ ಬಂದ ಮೇಲೆ ವೈದ್ಯರು, ರೋಗ ಉಲ್ಬಣಿಸಿದಾಗ ರೆಟಿನಾದಲ್ಲಿ ಬೆಳೆಯುವ ಹೊಸ ರಕ್ತನಾಳಗಳಿಗೇ ಗುರಿಯಿಟ್ಟು ಸುಡತೊಡಗಿದರು.

ತಿರುವು ಬಂದದ್ದು ಬಾಸ್ಟನ್ನಿನ ಜಾಸ್ಲಿನ್ ಕ್ಲಿನಿಕ್ಕಿನಲ್ಲಿ. ಹಳೆಯ ಸೋಂಕಿನ ಕಲೆಗಳಿದ್ದ ಕಣ್ಣುಗಳಲ್ಲಿ, ತೀವ್ರ ಸಮೀಪದೃಷ್ಟಿಯ ಕಣ್ಣುಗಳಲ್ಲಿ ಮಧುಮೇಹದ ಹಾವಳಿ ಕಡಿಮೆ ಎಂಬುದು ಅಲ್ಲಿನ ವಿಲಿಯಂ ಬೀಥಮ್ ಅವರ ಗಮನಕ್ಕೆ ಬಂದಿತ್ತು. ಹಾಗಾದರೆ ಅಂಥ ಕಲೆಗಳನ್ನು ನಾವೇ ಮೂಡಿಸಿದರೆ? ಬೀಥಮ್ ಮತ್ತು ಲಾಯ್ಡ್ ಎಂ. ಐಯೆಲ್ಲೊ (ತಂದೆ) 1967ರಲ್ಲಿ ರೂಬಿ ಲೇಸರ್ ಹಿಡಿದು ಹೊರಟದ್ದು ಈ ಪ್ರಶ್ನೆಯಿಂದ. ಅವರು ಚುಕ್ಕೆಗಳನ್ನು ಹರಡಿದರು. ಪಿಆರ್‌ಪಿಯ ಮೂಲ ಅದೇ. ಸೋರುವ ಜಾಗಕ್ಕೇ ಲೇಸರ್ ಹೊಡೆಯುವುದು ಅಕ್ಷಿಬಿಂದುವಿನ (ಮ್ಯಾಕ್ಯುಲಾ) ಊತಕ್ಕೆ ಮಾಡುವ ಬೇರೆ ಚಿಕಿತ್ಸೆ. ಅದಕ್ಕೆ ಖಚಿತ ಆಧಾರ ದೊರೆತದ್ದು 1985ರಲ್ಲಿ. ಎರಡನ್ನೂ ಒಂದೆಂದು ತಿಳಿದದ್ದೇ ಮೊದಲ ಗೊಂದಲದ ಬೇರು.

1968ರಲ್ಲಿ ವರ್ಜೀನಿಯಾದ ಏರ್ಲಿ ಹೌಸ್‌ನಲ್ಲಿ ಸೇರಿದ ತಜ್ಞರ ಮುಂದೆ ಪಿಟ್ಯುಟರಿ ಶಸ್ತ್ರಕ್ರಿಯೆಯೂ ಇತ್ತು, ಲೇಸರೂ ಇತ್ತು. ಯಾವುದಕ್ಕೂ ಗಟ್ಟಿ ಪುರಾವೆ ಇರಲಿಲ್ಲ. ಅಮೆರಿಕದ 15 ಕೇಂದ್ರಗಳಲ್ಲಿ ನಡೆದ ಡಯಾಬಿಟಿಕ್ ರೆಟಿನೋಪಥಿ ಅಧ್ಯಯನ ಆ ಕೊರತೆ ತುಂಬಿತು. 1,700ಕ್ಕೂ ಹೆಚ್ಚು ರೋಗಿಗಳು. ಪ್ರತಿಯೊಬ್ಬರ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದನ್ನು ಹಾಗೇ ಬಿಡುವುದು. 1976ರ ವರದಿಯಂತೆ ಎರಡು ವರ್ಷಗಳಲ್ಲಿ ತೀವ್ರ ದೃಷ್ಟಿನಾಶ ಚಿಕಿತ್ಸೆ ಇಲ್ಲದ ಕಣ್ಣುಗಳಲ್ಲಿ ಶೇ. 16.3, ಚಿಕಿತ್ಸೆ ಪಡೆದವುಗಳಲ್ಲಿ ಶೇ. 6.4. ಇಷ್ಟು ಸ್ಪಷ್ಟವಾದ ಮೇಲೆ ಸುಮ್ಮನಿರುವಂತಿರಲಿಲ್ಲ. ನಿಯಮ ಬದಲಿಸಿ, ಹೆಚ್ಚು ಅಪಾಯದಲ್ಲಿದ್ದ ಇನ್ನೊಂದು ಕಣ್ಣಿಗೂ ಲೇಸರ್ ಕೊಡಲು ಅನುಮತಿಸಲಾಯಿತು. ಇಂದು ಈ ಚಿಕಿತ್ಸೆ ಪಡೆಯುವ ಪ್ರತಿಯೊಬ್ಬರೂ ಆ ರೋಗಿಗಳಿಗೆ ಋಣಿಗಳು.

ಆ ಅಧ್ಯಯನದ ಆರ್ಗಾನ್ ಲೇಸರ್ ಕ್ರಮದಲ್ಲಿ ಒಂದು ಕಣ್ಣಿಗೆ 800ರಿಂದ 1,600 ಚುಕ್ಕೆಗಳು, ಒಂದೊಂದೂ ಸುಮಾರು ಅರ್ಧ ಮಿಲಿಮೀಟರ್. ರೋಗಿ ಸ್ಲಿಟ್ ಲ್ಯಾಂಪಿನ ಮುಂದೆ ಗಲ್ಲ ಊರಿ ಕೂರುತ್ತಾನೆ. ಮರಗಟ್ಟಿಸಿದ ಕಣ್ಣಿನ ಮೇಲೆ ವೈದ್ಯರು ಮಸೂರವೊಂದನ್ನು ಒತ್ತಿ ಹಿಡಿಯುತ್ತಾರೆ. ಕಣ್ಣು ಕೋರೈಸುವ ಮಿಂಚು, ಮತ್ತೆ ಮಿಂಚು. ಪ್ರತಿ ಮಿಂಚಿಗೂ ರೆಟಿನಾದ ಮೇಲೆ ಬೂದುಬಿಳುಪಿನ ಚುಕ್ಕೆಯೊಂದು ಮೂಡುತ್ತದೆ. ಕೆಲವರಿಗೆ ಚುಚ್ಚಿದಂತೆ ನೋವಾಗುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಅಂಚಿನ ನೋಟ ಕಿರಿದಾಗುತ್ತದೆ, ಮಬ್ಬುಗತ್ತಲಲ್ಲಿ ಕಾಣುವುದು ಕಷ್ಟವಾಗುತ್ತದೆ.

ಅಂಚನ್ನು ಸುಟ್ಟರೆ ದೂರದ ನಾಳಗಳೇಕೆ ಬಾಡಬೇಕು? ಉತ್ತರ ಹೊಳೆದದ್ದು 1994ರಲ್ಲಿ. ಮಗ ಲಾಯ್ಡ್ ಪಾಲ್ ಐಯೆಲ್ಲೊ ಮತ್ತು ಸಂಗಡಿಗರು ಶಸ್ತ್ರಕ್ರಿಯೆಗೆ ಬಂದ 164 ರೋಗಿಗಳ ಕಣ್ಣಿನ ದ್ರವ ಪರೀಕ್ಷಿಸಿದರು. ಹೊಸ ನಾಳಗಳು ಬೆಳೆಯುತ್ತಿದ್ದ ಕಣ್ಣುಗಳಲ್ಲಿ ವಿಇಜಿಎಫ್ ಎಂಬ ಪ್ರೋಟೀನು ಏರಿತ್ತು. ಲೇಸರ್ ಫಲಿಸಿದ ಮೇಲೆ ಸರಾಸರಿ ಮುಕ್ಕಾಲು ಪಾಲು ಇಳಿದಿತ್ತು. ಆಮ್ಲಜನಕಕ್ಕೆ ಹಸಿದ ರೆಟಿನಾದ ಭಾಗವನ್ನು ಸುಟ್ಟು ಬೇಡಿಕೆಯನ್ನೇ ತಗ್ಗಿಸಿದರೆ ಈ ಪ್ರೋಟೀನಿನ ಕೂಗೂ ಅಡಗುತ್ತದೆ. ಲೇಸರನ್ನು ಹರಡಿ ನೋಡಿದವರು ತಂದೆ, ಅದು ಏಕೆ ಕೆಲಸ ಮಾಡುತ್ತದೆಂಬ ಸುಳಿವು ಕೊಟ್ಟವರು ಮಗ.

ವಿಇಜಿಎಫ್ ತಡೆಯುವ ಚುಚ್ಚುಮದ್ದುಗಳು ಬಂದ ಮೇಲೆ ಲೇಸರಿನ ಕಾಲ ಮುಗಿಯಿತೆಂದು ಹಲವರು ಬರೆದರು. 2015ರಲ್ಲಿ ಪ್ರೋಟೋಕಾಲ್ ಎಸ್ ಎಂಬ ಅಧ್ಯಯನವು ರಾನಿಬಿಜುಮ್ಯಾಬ್ ಚುಚ್ಚುಮದ್ದು ಎರಡು ವರ್ಷದ ಅವಧಿಯಲ್ಲಿ ಪಿಆರ್‌ಪಿಗಿಂತ ಕಡಿಮೆಯದಲ್ಲ ಎಂದು ತೋರಿಸಿತು. ಆದರೆ ಅದು ನಿಯಮಿತವಾಗಿ ಆಸ್ಪತ್ರೆಗೆ ಬಂದವರ ಲೆಕ್ಕ. 2019ರಲ್ಲಿ ಫಿಲಡೆಲ್ಫಿಯಾದ ತಂಡವೊಂದು ಆರು ತಿಂಗಳಿಗೂ ಹೆಚ್ಚು ಕಾಲ ತಪಾಸಣೆಗೆ ಬಾರದವರ ಕಣ್ಣುಗಳನ್ನು ಹೋಲಿಸಿತು. ಬರೀ ಚುಚ್ಚುಮದ್ದು ಪಡೆದಿದ್ದ ಕಣ್ಣುಗಳ ಸ್ಥಿತಿ ಹೆಚ್ಚು ಹದಗೆಟ್ಟಿತ್ತು, ರೆಟಿನಾ ಎಳೆದು ಕಳಚಿದ ಪ್ರಕರಣಗಳೂ ಅಲ್ಲೇ ಹೆಚ್ಚಿದ್ದವು. ಲೇಸರ್ ಪಡೆದಿದ್ದ ಕಣ್ಣುಗಳಲ್ಲಿ ಹಳೆಯ ಕಲೆಗಳು ಕಾವಲಿಗಿದ್ದವು.